ಪಿಯಾನೊ ಮೇಲಿನ ಎರಡು ಕೋಲು

"ನಿಲ್ಸು!" ಬ್ಯಾಂಡಿನ ಹಿರಿಯ ತಾಳಗಾರ ಡಾನ್ ಮೊನ್ಸೆ ಮೂರನೇ ಸಲ ತಾಳದ ಕೋಲುಗಳನ್ನು ಎದೆಗೆ ಒತ್ತಿ ಹಿಡಿದರು. "ಇದು ಕೈ ತಟ್ಟೋದೋ, ನೊಣ ಹೊಡೆಯೋದೋ?"

ಪಿಯಾನೊ ಮೇಲೆ ಎಲಾದಿಯೊನ ಬೆರಳುಗಳು ನಿಂತವು. ನೂರಹತ್ತನೇ ಬೀದಿಯ ಆ ಡಾನ್ಸ್ ಹಾಲ್‌ನಲ್ಲಿ ಭಾನುವಾರದ ಕುಣಿತಕ್ಕೆ ಇನ್ನು ಅರ್ಧ ಗಂಟೆ. ಹೋದ ವಾರ ತಮ್ಮೂರಿನ ಮಾಂಬೋ ಕುಣಿತದ ಹಾಡುಗಳಿಗೆ ತಮ್ಮ ಪೋರ್ಟೊರಿಕೊದವರಷ್ಟೇ ಕುಣಿದಿದ್ದರು. ಕಪ್ಪು ಹುಡುಗ ಹುಡುಗಿಯರು ಗೋಡೆಗೆ ಒರಗಿ ಸೋಡಾ ಕುಡಿದು ಎದ್ದುಹೋಗಿದ್ದರು. 'ಇವತ್ತೂ ಹಾಗಾದರೆ ನಿಮ್ಮ ಬ್ಯಾಂಡೇ ಬೇಡ, ರೆಕಾರ್ಡ್ ಹಾಕ್ತೀನಿ' ಎಂದಿದ್ದ ಹಾಲ್‌ನ ಯಜಮಾನ. ಅದಕ್ಕೇ ಎಲಾದಿಯೊ ಈ ಹಾಡು ಕಟ್ಟಿದ್ದ: ಕೆಳಗೆ ಮಾಂಬೋ, ಮೇಲೆ ಪಕ್ಕದ ಬೀದಿಯ ಕಪ್ಪು ಜನರ ಚರ್ಚಿನ ಚಪ್ಪಾಳೆ, ಮಾತು ಇಂಗ್ಲಿಷು. ಹಾಡಲು ಆ ಚರ್ಚಿನವಳೇ ಆದ ಡೆಲ್ಫೀನ್.

"ತಾತ, ನಮ್ಮಲ್ಲಿ ದೇವರೂ ಈ ಚಪ್ಪಾಳೆಗೇ ಕುಣಿಯೋದು," ಅಂದಳು ಅವಳು.

"ಕುಣೀಲಿ ತಾಯಿ. ನನ್ನ ಕೋಲಿಗೆ ಅಡ್ಡ ಬರದೆ ಕುಣೀಲಿ."

ತಪ್ಪೆಲ್ಲಿದೆಯೆಂದು ಎಲಾದಿಯೊಗೆ ಗೊತ್ತಿತ್ತು. ಕೋಲಿನದು ಮೂರು ಪೆಟ್ಟು, ಆಮೇಲೆ ಎರಡು. ಬ್ಯಾಂಡೆಲ್ಲ ಅದಕ್ಕೆ ಬಗ್ಗಬೇಕು. ಚಪ್ಪಾಳೆ ಏರಲೆಂದು ಅವನೇ ನಡುವೆ ಅರ್ಧ ಆವರ್ತ ಕತ್ತರಿಸಿದ್ದ. ಅಲ್ಲಿಂದ ಮೂರರ ಜಾಗಕ್ಕೆ ಎರಡು ಬರುತ್ತಿತ್ತು. ಕತ್ತರಿಸಿದ್ದನ್ನು ಸೇರಿಸಿದರೆ ಹಾಡು ಮಲಗಿಬಿಡುತ್ತಿತ್ತು. ಹತ್ತು ದಿನದಿಂದ ಎರಡೂ ರೀತಿ ಬಾರಿಸಿ ಬಾರಿಸಿ ಸಾಕಾಗಿತ್ತು.

"ಅದೊಂದು ಕಡೆ ತಿರುಗಿಸಿ ಹಿಡೀರಿ, ಪದ್ರಿನೊ. ಎರಡು ಮೊದಲು, ಮೂರು ಆಮೇಲೆ."

"ತಿರುಗಿಸೋಕೆ ಇದೇನು ಬಾಣಲೇಲಿರೋ ಬಾಳೆಕಾಯಾ?" ಜ್ಞಾನಸ್ನಾನದ ದಿನ ಅವನನ್ನು ಎತ್ತಿಕೊಂಡಿದ್ದ ಧರ್ಮತಂದೆ ಅವರು. "ನಿನಗೆ ತಾಳ ಕಲಿಸಿದೋನು ನಾನು ಕಣೋ. ಈಗ ನಾನೇ ತಪ್ಪು ಹಾಕಲಾ?"

"ಹಾಗಾದ್ರೆ ಬಾರಿಸಲೇಬೇಡಿ!"

ಅಷ್ಟು ಜೋರಾಗಿ ಅನ್ನಬೇಕೆಂದು ಎಲಾದಿಯೊಗೆ ಇರಲಿಲ್ಲ. ಡಾನ್ ಮೊನ್ಸೆ ಕೋಲುಗಳನ್ನು ಪಿಯಾನೊದ ನೆತ್ತಿಯ ಮೇಲೆ ಜೋಡಿಸಿಟ್ಟು ಟೋಪಿ ತೆಗೆದುಕೊಂಡರು.

"ಆಶೀರ್ವಾದ, ಪದ್ರಿನೊ." ಅವರು ಹೊರಡುವಾಗಲೆಲ್ಲ ಎಲಾದಿಯೊ ಕೇಳುವ ಮಾತು, ತಾನಾಗಿಯೇ ಬಾಯಿಗೆ ಬಂತು. 'ದೇವರು ಕಾಪಾಡಲಿ' ಎಂಬ ಉತ್ತರ ಒಂದು ದಿನವೂ ತಪ್ಪಿದ್ದಿಲ್ಲ. ಇವತ್ತು ಬಾಗಿಲು ಮಾತ್ರ ಬಡಿದುಕೊಂಡಿತು.

ಕುಣಿತ ಶುರುವಾಯಿತು. ಕತ್ತರಿಸಿದ ಜಾಗ ಬಂದಾಗ ಡೆಲ್ಫೀನ್ ಕೈ ತಟ್ಟಿದಳು. ಅವಳ ಹಿಂದೆ ಇಡೀ ಹಾಲ್ ತಟ್ಟಿತು. ಗೋಡೆಗಳು ಖಾಲಿಯಾದವು. ಯಾರು ಯಾವ ಬೀದಿಯವರೆಂದು ತಿಳಿಯದಂತೆ ಭುಜಕ್ಕೆ ಭುಜ ತಾಗುತ್ತಿತ್ತು.

"ನಿಲ್ಲಿಸ್ಬೇಡ ಎಲಾದಿಯೊ, ಇನ್ನೊಂದ್ಸಲ!" ಡೆಲ್ಫೀನ್ ಕೂಗಿದಳು.

ಅವನು ಅತ್ತ ನೋಡಲಿಲ್ಲ. ನೆಲ ಅದುರಿದಂತೆಲ್ಲ ಪಿಯಾನೊ ಮೇಲಿನ ಕೋಲುಗಳು ಸ್ವಲ್ಪ ಸ್ವಲ್ಪವೇ ಅಂಚಿನ ಕಡೆ ಉರುಳುತ್ತಿದ್ದವು. ಹಿಡಿಯಲು ಅವನ ಎರಡು ಕೈಗೂ ಬಿಡುವಿರಲಿಲ್ಲ.