ಅಳಿಸಿಹೋದ ಇನ್ನೂರ ಹನ್ನೆರಡು ಹೆಸರು

ಬ್ಯಾಡ್ಜ್ ಕೆತ್ತುವ ಆ ಅಂಗಡಿಯನ್ನು ಅತ್ತಿಗೆ, ಮೈದುನ ಇಬ್ಬರೇ ನಡೆಸುತ್ತಿದ್ದರು. ಅಲ್ಲಿ ಅತ್ತಿಗೆಯದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಹೆಸರು ಕಂಪ್ಯೂಟರಿಗೆ ಏರಿದ ಕೂಡಲೇ ಗಿರಾಕಿ ಕೊಟ್ಟ ಚೀಟಿ ಹರಿದು ಬುಟ್ಟಿಗೆ ಹೋಗಬೇಕು. ಒಂದು ಕೆಲಸಕ್ಕೆ ಎರಡು ಕಾಗದ ಉಳಿದರೆ ಯಾರೋ ಒಬ್ಬರು ಹಳೆಯದನ್ನೇ ಕೆತ್ತಿಬಿಡುತ್ತಾರೆ, ಲೋಹದ ಮೇಲೆ ಬಿದ್ದ ಗೀರನ್ನು ಯಾವ ರಬ್ಬರೂ ಅಳಿಸುವುದಿಲ್ಲ ಎನ್ನುವುದು ಅವಳ ವಾದ. ಹತ್ತೊಂಬತ್ತು ವರ್ಷ ಹೀಗೇ ನಡೆದಿತ್ತು. ಒಂದೇ ಒಂದು ಬ್ಯಾಡ್ಜ್ ವಾಪಸು ಬಂದಿರಲಿಲ್ಲ. ಕೆತ್ತುವ ಯಂತ್ರದ ಮುಂದೆ ಕೂರುವ ಮೈದುನ ಅವಳಿಗೆ ‘ಹರಿಯುವ ಅತ್ತಿಗೆ’ ಅಂತ ಅಡ್ಡಹೆಸರಿಟ್ಟಿದ್ದ. ಅವಳು ಅದನ್ನು ಬಿರುದಿನ ಹಾಗೆ ಹೊತ್ತು ತಿರುಗುತ್ತಿದ್ದಳು.

ಆ ಬೆಳಿಗ್ಗೆ ನರ್ಸಿಂಗ್ ಶಾಲೆಯಿಂದ ಮೇಲ್‌ನಲ್ಲಿ ಇನ್ನೂರ ಹನ್ನೆರಡು ಹೆಸರಿನ ಎಕ್ಸೆಲ್ ಫೈಲ್ ಬಂತು. ಓದು ಮುಗಿಸಿದ ಹುಡುಗಿಯರು ಮರುದಿನ ವಾರ್ಡಿಗೆ ಕಾಲಿಡುವಾಗ ಬ್ಯಾಡ್ಜ್ ಹಾಕಿಕೊಂಡಿರಬೇಕು. ಹೆಸರುಗಳೆಲ್ಲ ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಇದ್ದವು. ಮೈದುನ ಉದ್ದನೆಯ ಹೆಸರೊಂದನ್ನು ಹಳೇ ತಗಡಿನ ಮೇಲೆ ಕೆತ್ತಿ ನೋಡಿದ. ತುಂಬಿದ ಬಸ್ಸಿನಲ್ಲಿ ನಿಂತವರ ಹಾಗೆ ಅಕ್ಷರಗಳು ಒಂದರ ಮೇಲೊಂದು ಒರಗಿದ್ದವು.

“ಇದನ್ನ ಮಲಗಿರೋ ರೋಗಿ ಓದ್ಬೇಕಂತೆ. ಎದ್ದು ಕೂತಿರೋ ನನಗೇ ಆಗ್ತಿಲ್ಲ.”

“ಮೊದಲಕ್ಷರ ಮಾತ್ರ ದೊಡ್ಡದು ಇಟ್ರೆ ಹಿಡಿಯುತ್ತಾ?”

“ಆರಾಮಾಗಿ. ಪಕ್ಕದ ಕಾಲಂನಲ್ಲಿ ಪ್ರಾಪರ್ ಅಂತ ಸೂತ್ರ ಹಾಕಿ, ಹೆಸರಿರೋ ಮನೆ ತೋರಿಸಿ, ಕೆಳಗಿನವರೆಗೂ ಎಳೀರಿ. ಅದೇ ಮಾಡ್ಕೊಳ್ಳುತ್ತೆ.”

“ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?”

“ನೀವು ಕೇಳಿದ್ದು ಯಾವಾಗ ಅತ್ತಿಗೆ? ಬೈದದ್ದಷ್ಟೇ ನೆನಪು.”

ಅವಳು ಹಾಗೇ ಮಾಡಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಪಕ್ಕದ ಕಾಲಂ ತುಂಬ ಹೆಸರುಗಳು ಅಚ್ಚುಕಟ್ಟಾಗಿ ಇಳಿದವು. ಅಷ್ಟರಲ್ಲಿ ಕೌಂಟರಿಗೆ ಗಿರಾಕಿಯೊಬ್ಬ ಬಂದ. ತಲೆ ಅವನ ಕಡೆ ತಿರುಗಿತು, ಕೈ ಮಾತ್ರ ತನ್ನ ಪಾಡಿಗೆ ಹತ್ತೊಂಬತ್ತು ವರ್ಷದ ಅಭ್ಯಾಸ ನಡೆಸಿತು. ದೊಡ್ಡಕ್ಷರದ ಹಳೇ ಕಾಲಂ ಅಳಿಸಿದಳು, ಫೈಲ್ ಸೇವ್ ಮಾಡಿ ಮುಚ್ಚಿದಳು, ಶಾಲೆಯಿಂದ ಬಂದ ಮೇಲ್ ಅನ್ನೂ ಕಸದ ಬುಟ್ಟಿಗೆ ಅಟ್ಟಿ, ಆ ಬುಟ್ಟಿಯನ್ನೂ ಖಾಲಿ ಮಾಡಿದಳು.

ಸ್ವಲ್ಪ ಹೊತ್ತಿಗೆ ಮೈದುನ ಯಂತ್ರದ ಬಳಿಯ ಕಂಪ್ಯೂಟರಿನಲ್ಲಿ ಅದೇ ಫೈಲ್ ತೆರೆದ.

“ಅತ್ತಿಗೆ, ಈ ಹುಡುಗಿಯರೆಲ್ಲ ಒಂದೇ ತಾಯಿ ಮಕ್ಕಳಾ? ಇನ್ನೂರ ಹನ್ನೆರಡಕ್ಕೂ ಒಂದೇ ಹೆಸರಿದೆ.”

ಅವಳು ಬಂದು ನೋಡಿದಳು. ಮೇಲಿಂದ ಕೆಳಗಿನವರೆಗೆ ಪ್ರತಿ ಮನೆಯಲ್ಲೂ ಹೆಸರಿನ ಜಾಗದಲ್ಲಿ #REF! ಅನ್ನುವ ಒಂದೇ ತಪ್ಪಿನ ಗುರುತು ಕೂತಿತ್ತು.

“ಸೂತ್ರ ನೋಡ್ತಾ ಇದ್ದದ್ದು ಹಳೇ ಕಾಲಂ ಅನ್ನ,” ಅಂದ ಮೈದುನ. “ಅದನ್ನೇ ಎತ್ತಿಬಿಟ್ರೆ ಅದಾದ್ರೂ ಏನು ಮಾಡುತ್ತೆ? ಮೊದಲು ಸೂತ್ರ ಬಿಟ್ಟು ಬರೀ ಹೆಸರನ್ನ ಬೇರೆ ಕಡೆ ಅಂಟಿಸ್ಬೇಕಿತ್ತು. ಹೋಗ್ಲಿ, ಮೇಲ್ ತೆಗೀರಿ.”

“ಮೇಲೂ ಹರಿದು ಹಾಕ್ದೆ.”

ಮೈದುನ ನಗಲು ಹೊರಟವನು ಅವಳ ಮುಖ ನೋಡಿ ತಡೆದುಕೊಂಡ. “ಫೈಲ್ ತೆರೀತಿಲ್ಲ, ಇನ್ನೊಂದ್ಸಲ ಕಳಿಸಿ ಅನ್ನಿ. ಯಾರಿಗೆ ಗೊತ್ತಾಗುತ್ತೆ?”

ನರ್ಸಿಂಗ್ ಶಾಲೆಯ ಮುಖ್ಯಸ್ಥೆ ಮೇಟ್ರನ್ ಎಂಥವರೆಂದು ಊರಿಗೇ ಗೊತ್ತು. ಒಂದು ಗುಂಡಿ ಸಡಿಲವಿದ್ದದ್ದಕ್ಕೆ ದರ್ಜಿ ಹೊಲಿದ ಸಮವಸ್ತ್ರಗಳನ್ನೆಲ್ಲ ಹಿಂದಕ್ಕೆ ಕಳಿಸಿದವರು. ಈ ಅಂಗಡಿಗೆ ಅವರು ಕೆಲಸ ಕೊಟ್ಟದ್ದು ಇದೇ ಮೊದಲು. ಹತ್ತೊಂಬತ್ತು ವರ್ಷದ ಹೆಸರು ಒಂದು ಫೋನಿನಲ್ಲಿ ಮಣ್ಣುಪಾಲಾಗಬಹುದಿತ್ತು. ಅವಳು ಅವರಿಗೆ ಫೋನ್ ಮಾಡಿದಾಗ ಮೈದುನ ಹೇಳಿಕೊಟ್ಟ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡಳು.

“ಮೇಡಂ, ನೀವು ಕಳಿಸಿದ ಪಟ್ಟೀನ ನಾನೇ ಅಳಿಸಿಬಿಟ್ಟೆ. ಫೈಲಲ್ಲೂ ಇಲ್ಲ, ಮೇಲಲ್ಲೂ ಇಲ್ಲ.”

“ನಿಮ್ಮಲ್ಲಿ ಇನ್ನೊಂದು ಪ್ರತಿ ಇಟ್ಕೊಳ್ಳಲ್ವಾ?”

“ಇಲ್ಲ. ನಾನೇ ಇಟ್ಕೊಳ್ಳೋದು ಬೇಡ ಅಂದಿದ್ದೆ.”

“ಇನ್ಮೇಲೆ ಇಟ್ಕೊಳ್ಳಿ. ತಪ್ಪು ಮಾತ್ರೆ ಕೊಟ್ರೆ ಮುಚ್ಚಿಡಬೇಡಿ, ಮೊದಲು ಬಂದು ಹೇಳಿ ಅಂತ ಈ ಹುಡುಗಿಯರಿಗೆ ಮೂರು ವರ್ಷ ಬಾಯಿ ಬಡ್ಕೊಂಡಿದ್ದೀನಿ. ಅರ್ಧ ಜನ ಇನ್ನೂ ಕಲಿತಿಲ್ಲ. ನೀವು ಹೇಳಿದ್ರಲ್ಲ, ಸಾಕು. ಈಗ್ಲೇ ಕಳಿಸ್ತೀನಿ. ನಾಳೆ ಮಾತ್ರ ತಡ ಆಗ್ಬಾರ್ದು.”

ಪಟ್ಟಿ ಬಂತು. ಅವಳು ಮತ್ತೆ ಸೂತ್ರ ಎಳೆದಳು, ಸೂತ್ರ ಬಿಟ್ಟು ಹೆಸರುಗಳನ್ನಷ್ಟೇ ಹೊಸ ಹಾಳೆಯಲ್ಲಿ ಅಂಟಿಸಿದಳು, ಈ ಸಲ ಅಳಿಸದೆ ತೆರೆದಿಟ್ಟ ಮೇಲ್ ಜೊತೆ ಒಂದೊಂದಾಗಿ ತಾಳೆ ನೋಡತೊಡಗಿದಳು. ಮೈದುನ ಹಿಂದೆ ನಿಂತು ನೋಡುತ್ತಿದ್ದ.

“ಸುಳ್ಳು ಹೇಳಿದ್ರೂ ಕಳಿಸ್ತಿದ್ರು ಅತ್ತಿಗೆ.”

“ಕಳಿಸ್ತಿದ್ರು. ಆದ್ರೆ ಸುಳ್ಳು ಹೇಳಿ, ನಾಳೆ ಬ್ಯಾಡ್ಜ್ ಕೊಡೋವಾಗ ಅವರ ಮುಖ ನಾನು ಹೇಗೆ ನೋಡ್ಲಿ? ಹೋಗು, ಯಂತ್ರ ಹಾಕು.”

ಯಂತ್ರ ಗುರುಗುಟ್ಟತೊಡಗಿತು. ಅವಳು ಬೆರಳನ್ನು ಪರದೆಯ ಮೇಲಿಟ್ಟು ಮುಂದಿನ ಹೆಸರಿಗೆ ಇಳಿದಳು.