ಬೆನ್ನ ಹಿಂದಿನ ಸದ್ದು

ಕಾಲರ್‌ಗಳಿಂದ ಜೋತುಬಿದ್ದ ನೂಲು ಕತ್ತರಿಸುತ್ತಲೇ ಫರೀನ್ ಸಾಲಿನ ಹಿಂದೆ ನಡೆಯುತ್ತಿದ್ದಳು. ಮುಂದೆ ಹೊಲಿಗೆ ಯಂತ್ರಗಳ ಮೇಲೆ ಬಾಗಿದ ಬೆನ್ನುಗಳು. ಹೋದ ತಿಂಗಳವರೆಗೆ ಅವಳದೂ ಅಲ್ಲೊಂದು ಬೆನ್ನು. ಈಗ ಬೈಲಹೊಂಗಲದ ಈ ಗಾರ್ಮೆಂಟ್ ಕಾರ್ಖಾನೆಯಲ್ಲಿ ಅವಳು ಸೂಪರ್‌ವೈಸರ್ ತರಬೇತಿಯಲ್ಲಿದ್ದಾಳೆ. ನಾಳೆ ಕೊನೆಯ ಪರೀಕ್ಷೆ. ಪಾಸಾದರೆ ಸಾಲು ಅವಳದು, ಇಲ್ಲದಿದ್ದರೆ ಮತ್ತೆ ಯಂತ್ರ.

ಕಲಿಸಲು ಬೆಳಗಾವಿಯಿಂದ ಬರುವ ವಿರೂಪಾಕ್ಷ ಸರ್ ಮೊದಲ ದಿನವೇ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ್ದರು. ಅದರಲ್ಲಿ ಹಿಂದಿನ ಸೂಪರ್‌ವೈಸರ್ ರಾಚವ್ವ, ಶ್ರಾವಣದಲ್ಲಿ ಕಾಮಾಲೆಯಾಗಿ ತೀರಿಕೊಂಡವಳು. ಸಾಲಿನ ಹಿಂದೆ ನಿಂತು, ಒಂದು ಮಾತೂ ಆಡದೆ, ನೂಲು ಕತ್ತರಿಯಿಂದ ಮೇಜಿನ ಕಬ್ಬಿಣದ ಅಂಚಿಗೆ ಬಡಿಯುತ್ತಿದ್ದಳು. ಟಕ್ ಟಕ್. ತುಸು ತಡೆದು ಮತ್ತೊಂದು ಟಕ್. ಬೆನ್ನುಗಳೆಲ್ಲ ಸೆಟೆದು ಯಂತ್ರಗಳು ಓಡುತ್ತಿದ್ದವು.

"ಇಷ್ಟ ಕಲೀರಿ, ಸಾಕು. ಬೈಯೂದಿಲ್ಲ, ಒದರೂದಿಲ್ಲ. ಲೀಡರ್ ಅಂದ್ರ ಇಕಿ ನೋಡ್ರಿ," ಎಂದಿದ್ದರು ಸರ್.

ಆ ಕತ್ತರಿಯೇ ಈಗ ಫರೀನಳ ಕೈಯಲ್ಲಿತ್ತು. ಹಿಡಿಗೆ ಸುತ್ತಿದ ನೀಲಿ ನೂಲು ರಾಚವ್ವನ ಬೆವರಿಗೆ ಕಪ್ಪಾಗಿತ್ತು. ಆ ಸದ್ದಿಗೆ ಹೆದರಿ ನೀರು ಕುಡಿಯದೆ, ಎದ್ದು ಹೋಗದೆ ಕೂತ ಮಧ್ಯಾಹ್ನಗಳು ಫರೀನಳಿಗೆ ಮರೆತಿರಲಿಲ್ಲ. ಆದರೂ ಕಲಿತಳು. ಈಚೆಗಂತೂ ಕೈ ತಾನಾಗಿಯೇ ಬಡಿಯುತ್ತಿತ್ತು.

ಊಟದ ನಂತರ ಕರೆಂಟು ಹೋಯಿತು. ಯಂತ್ರ, ಫ್ಯಾನು ಎಲ್ಲ ನಿಂತವು.

"ಮೇಡಮ್ಮಾರ, ಈಗರ ಒಂದ್ ಗುಟುಕು ನೀರ ಕುಡೀಬಹುದೇನ್ರಿ?" ಎಂದಳು ಗುರುಬಸವ್ವ. ವರ್ಷಗಟ್ಟಲೆ ಫರೀನಳ ಪಕ್ಕದ ಯಂತ್ರದಲ್ಲಿ ಕೂತವಳು.

"ಕುಡೀ ಅಕ್ಕ, ಕೊಡಾನ ಎತ್ತಿ ಕುಡಿ," ಎಂದು ಫರೀನ್ ನಕ್ಕಳು. ಕತ್ತರಿಯನ್ನು ಜೇಬಿಗೆ ಹಾಕಿ, ಎರಡೂ ಕೈಯಲ್ಲಿ ಕಾಲರ್‌ಗಳ ಕಟ್ಟನ್ನು ಎತ್ತಿಕೊಂಡಳು.

ಟಕ್ ಟಕ್.

ನಗು ನಿಂತಿತು.

ಟಕ್.

ಯಾರೂ ತಿರುಗಿ ನೋಡಲಿಲ್ಲ. ಬೆನ್ನುಗಳು ಸೆಟೆದವು. ಸತ್ತ ಯಂತ್ರಗಳ ಪೆಡಲುಗಳನ್ನು ಕಾಲುಗಳು ಒತ್ತಿದವು. ಅಷ್ಟರಲ್ಲಿ ಕರೆಂಟು ಬಂತು. ಎಲ್ಲ ಯಂತ್ರಗಳೂ ಒಟ್ಟಿಗೆ ಅರಚಿದವು. ಗುರುಬಸವ್ವನ ಬೆನ್ನು ಮಾತ್ರ ಹಾಗೇ ನಿಶ್ಚಲವಾಗಿತ್ತು. ಬಿಳಿ ಕಾಲರಿನ ಮೇಲೆ ಕೆಂಪು ಹರಡಿದಾಗಲೇ ಫರೀನಳಿಗೆ ತಿಳಿದದ್ದು, ಸೂಜಿ ಗುರುಬಸವ್ವನ ಬೆರಳಿನ ಉಗುರು ತೂರಿ ಇಳಿದಿತ್ತು.

ಬೆರಳಿಗೆ ಬಟ್ಟೆ ಸುತ್ತುತ್ತ ಫರೀನ್ ಪಿಸುಗುಟ್ಟಿದಳು: "ನಾ ಬಡದಿಲ್ಲಕ್ಕ, ಖುದಾನ ಆಣೆ."

"ನೀ ಬಡದಿ ಅಂತ ಯಾರಂದಾರ? ಕೇಳಿಸ್ತು, ಕಾಲ ಒತ್ತಿತು," ಎಂದಳು ಗುರುಬಸವ್ವ. ಅವಳ ಮುಖ ಬೆಳ್ಳಗಾಗಿತ್ತು. ತರಬೇತಿ ಶುರುವಾದಾಗಿನಿಂದ ಆ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲ ಎಂಬುದು ಫರೀನಳಿಗೆ ಆಗ ಹೊಳೆಯಿತು.

ಬಾಗಿಲಲ್ಲಿದ್ದ ಸರ್ ಮೊಬೈಲಿನಿಂದ ತಲೆ ಎತ್ತಿದರು. "ದವಾಖಾನಿಗೆ ಕಳಸ್ರಿ ಅವರನ್ನ. ಮತ್ತ ಫರೀನ್, ನಾಳೆನೂ ಹಿಂಗ ಹಿಂದ ನಿಂದರಬೇಕು ನೋಡ್ರಿ. ಲೈನ್ ಏನ್ ಚಲೋ ಓಡಸ್ತೀರಿ! ಥೇಟ್ ರಾಚವ್ವ."

ಸಂಜೆ ಮನೆಯಲ್ಲಿ ಫರೀನ್ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂತಳು. ಮಗಳು ಸಿಮ್ರನ್ ಗೋಡೆಗೆ ಮುಖ ಮಾಡಿ ಕೂತು ಶಾಲೆಯ ಲೆಕ್ಕ ಮಾಡುತ್ತಿದ್ದಳು. ಅಂಗೈ ಹಿಟ್ಟಿನ ಮೇಲೆ ಬಿತ್ತು, ಮತ್ತೆ ಬಿತ್ತು. ತುಸು ತಡೆದು, ಇನ್ನೊಮ್ಮೆ.

ಸಿಮ್ರನಳ ಪುಟ್ಟ ಬೆನ್ನು ಸೆಟೆಯಿತು. ಪೆನ್ಸಿಲು ಓಡತೊಡಗಿತು.

ಫರೀನಳ ಕೈ ಅಲ್ಲೇ ನಿಂತಿತು. ಪೆನ್ಸಿಲು ನಿಲ್ಲಲಿಲ್ಲ.

"ಸಿಮ್ಮೂ, ಈ ಕಡೆ ತಿರಗಿ ಕುಂದರ."

"ಯಾಕಮ್ಮಿ?"

"ನಿನ್ನ ಮಾರಿ ಕಾಣವಲ್ದು."

ಹುಡುಗಿ ತಿರುಗಿದಳು. ತುಟಿ ಒಣಗಿತ್ತು. ಫರೀನ್ ಹಿಟ್ಟಿನ ಕೈಯಲ್ಲೇ ಅವಳ ಮುಂದೆ ನೀರಿನ ಲೋಟ ಇಟ್ಟಳು.

ನಾಳೆ ಸರ್ ಮೊಬೈಲ್ ಹಿಡಿದು ನಿಂತಿರಲಿ. ತಾನು ಬರಿಗೈಯಲ್ಲಿ ಸಾಲಿನ ಮುಂದೆ ನಿಲ್ಲುವುದು, ಎಲ್ಲರ ಮುಖ ಕಾಣುವಲ್ಲಿ. ಆಗಲೂ ಆ ಸದ್ದು ಬಂದರೆ, ಹಿಂದೆ ನಿಂತು ಬಡಿಯುವವರು ಯಾರೆಂದು ತನಗಾದರೂ ಕಂಡೀತು. ಫೇಲಾದರೆ ತನ್ನ ಯಂತ್ರ ಇದ್ದೇ ಇದೆ.

"ಏನ್ ವಿಚಾರ ಮಾಡಾಕತ್ತಿ ಅಮ್ಮಿ?"

"ಏನಿಲ್ಲ. ಸಾವಕಾಶ ಬರಿ," ಎಂದು ಫರೀನ್ ರೊಟ್ಟಿಯನ್ನು ಸದ್ದಾಗದಂತೆ ಬೆರಳಿನಿಂದ ಒತ್ತತೊಡಗಿದಳು.