ಪರದೆಯ ಮೇಲೆ ಎರಡು ಚುಕ್ಕಿಪಟ್ಟಿ

ನಾನು ಒಂದು ಕಪ್ಪು-ಬಿಳುಪು ಟಿವಿ. ಕಾರ್ಖಾನೆಯಲ್ಲಿ ನನ್ನ ಗಾಜಿನ ಕೊಳವೆಯೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಮರದ ಪೆಟ್ಟಿಗೆಯಲ್ಲಿ ಕೂರಿಸಿ, ಮುಂದೆ ಸರಿಸುವ ಬಾಗಿಲು ಹಚ್ಚಿದರು. ಆ ಬಾಗಿಲಿನಿಂದಾಗಿ ನನಗೆ ಮೊದಲಿನಿಂದಲೂ ತುಸು ಜಂಬ. ಮೊದಲ ಯಜಮಾನರಾದ ಬ್ಯಾಂಕ್ ಮ್ಯಾನೇಜರು ನನಗೆ ಕಸೂತಿಯ ಬಟ್ಟೆ ಹೊದಿಸಿ ಇಟ್ಟಿದ್ದರು. ವರ್ಗವಾದಾಗ ಬನಹಟ್ಟಿಯ ನೇಕಾರ ಚನಮಲ್ಲಪ್ಪನಿಗೆ ಮಾರಿ ಹೋದರು. ಚಿತ್ರ ಸ್ವಲ್ಪ ಅಲುಗಿದರೂ ಸಾಕು, ಇವನು ನನ್ನ ನೆತ್ತಿಗೆ ಒಂದು ಬಿಗಿಯುತ್ತಿದ್ದ. ಕೆಲವೊಮ್ಮೆ ಚಿತ್ರ ಸರಿಹೋಗಿಬಿಡುತ್ತಿತ್ತು. ಅದರಿಂದ ಅವನ ಕೈಗೆ ಇನ್ನಷ್ಟು ಧೈರ್ಯ ಬರುತ್ತಿತ್ತು.

ಆದರೂ ನನ್ನ ಕೆಲಸ ಚೆನ್ನಾಗಿ ಅರ್ಥವಾದದ್ದು ಅವನಿಗೇ. ಒಮ್ಮೆ ರಿಪೇರಿಗೆ ಬಂದ ದಸ್ತಗೀರ ಸಾಹೇಬರು ನನ್ನ ಬೆನ್ನು ಬಿಚ್ಚಿ ಗಂಡಹೆಂಡತಿಗೆ ವಿವರಿಸಿದರು. ನಾನು ಚಿತ್ರವನ್ನು ಒಮ್ಮೆಲೇ ತೋರಿಸುವುದಿಲ್ಲ. ಒಂದೇ ಒಂದು ಬೆಳಕಿನ ಚುಕ್ಕೆ ಎಡದಿಂದ ಬಲಕ್ಕೆ ಗೆರೆ ಎಳೆದು, ಕತ್ತಲಲ್ಲಿ ಹಿಂದಿರುಗಿ, ಕೆಳಗೆ ಮತ್ತೊಂದು ಗೆರೆ ಎಳೆಯುತ್ತದೆ. ಮೊದಲು ಒಂದು ಬಿಟ್ಟು ಒಂದು, ಆಮೇಲೆ ನಡುವೆ ಉಳಿದವು. ಗೆರೆಯಲ್ಲಿ ಎಲ್ಲಿ ಬೆಳಕು, ಎಲ್ಲಿ ಕಪ್ಪು ಎಂಬುದನ್ನು ಆಂಟೆನಾಕ್ಕೆ ಬರುವ ಅಲೆಯ ಏರಿಳಿತ ಹೇಳುತ್ತದೆ. ಗೆರೆ ಮುಗಿದಾಗಲೆಲ್ಲ ‘ಈಗ ಹಿಂದಿರುಗು’ ಎಂಬ ಒಂದು ಮಿಡಿತವೂ ಬರುತ್ತದೆ. ಅದು ತಪ್ಪಿದರೆ ಚಿತ್ರ ಓರೆಯಾಗಿ ಹರಿದುಹೋಗುತ್ತದೆ.

“ಮಗ್ಗದಾಗ ಅತ್ತಿಂದಿತ್ತ ಓಡೋ ನಮ್ಮ ಲಾಳಿ ಹಂಗ ಆತಲ್ರಿ,” ಅಂದ ಚನಮಲ್ಲಪ್ಪ.

ಅವನ ಹೆಂಡತಿ ಗೌರವ್ವ ಬೇರೆಯದನ್ನೇ ಕೇಳಿದಳು. “ಮಳಿ ಬಂದಾಗ ಅಡ್ಡಕ ಎರಡು ಚುಕ್ಕಿಪಟ್ಟಿ ಬರ್ತಾವಲ್ರಿ, ಅವು ಯಾಕ?”

“ಅದು ಟಿವಿ ದೋಷ ಅಲ್ರಿ ಅವ್ವಾರ. ನಿಮ್ಮ ಮಾಳಿಗಿ ಬಾಜೂಕ ಕರೆಂಟಿನ ತಂತಿ ಹೋಗೇತಲ್ಲ, ಅದು ತೊಯ್ದು ಕಿಡಿ ಹಾರಸ್ತೈತಿ. ಆಂಟೆನಾ ಅದರ ಸಮೀಪ ಹೋದಷ್ಟೂ ಪಟ್ಟಿ ದಪ್ಪ ಆಕ್ಕಾವು.”

ಮರುವರ್ಷ ಒಂದು ಸುದ್ದಿ ಬಂತು. ಧಾರವಾಡದ ಹಾಸ್ಟೆಲಿನಲ್ಲಿ ಓದುತ್ತಿದ್ದ ಅವರ ಮಗಳು ಶಕುಂತಲಾ ಟಿವಿಯ ಮಕ್ಕಳ ಕಾರ್ಯಕ್ರಮದಲ್ಲಿ ಗೆಳತಿಯರೊಡನೆ ಹಾಡುವವಳಿದ್ದಳು. ಒಮ್ಮೆ ತೋರಿಸಿದರೆ ಮುಗಿಯಿತು, ಮತ್ತೆ ನೋಡುವ ದಾರಿ ಆ ಮನೆಯಲ್ಲಿರಲಿಲ್ಲ.

ಕಾರ್ಯಕ್ರಮದ ಸಂಜೆಯೇ ಗಾಳಿಮಳೆ ಹೊಡೆದು ಆಂಟೆನಾದ ಕಬ್ಬಿಣದ ಪೈಪು ಬುಡದಲ್ಲಿ ಸಡಿಲವಾಯಿತು. ಮಳೆ ನಿಂತರೂ ಗಾಳಿ ನಿಲ್ಲಲಿಲ್ಲ. ಚನಮಲ್ಲಪ್ಪ ಏಣಿ ಹತ್ತಿ ಮಾಳಿಗೆಗೆ ಹೋದ. ಗೌರವ್ವ ಕೆಳಗೆ ನನ್ನ ಮುಂದೆ ನಿಂತಳು.

“ಬಂತೇನ?”

“ಇಲ್ರಿ, ಪರದಿ ತುಂಬ ಬರೀ ನುಚ್ಚಿನಂಥ ಚುಕ್ಕಿ.”

“ಈಗ?”

“ಬರಾಕತ್ತಿತ್ತು. ಹೋತು.”

ಹಾಡು ಆಗಲೇ ಶುರುವಾಗಿತ್ತು. ದನಿ ಕೇಳುತ್ತಿತ್ತು, ಮುಖಗಳಿಲ್ಲ. ಅವನು ಪೈಪನ್ನು ಬೀದಿಯ ಕಡೆಗೆ ವಾಲಿಸಿದ. ತಟ್ಟನೆ ಚಿತ್ರ ನಿಂತಿತು. ಎರಡನೆಯ ಸಾಲಿನಲ್ಲಿ, ಎರಡು ಜಡೆ ಮೇಲಕ್ಕೆ ಕಟ್ಟಿಕೊಂಡು ಶಕುಂತಲಾ.

“ಬಂತ್ರಿ, ನಮ್ಮ ಶಕ್ಕು,” ಅಂದಳು ಗೌರವ್ವ. ಅವನು ಕೈಬಿಟ್ಟ ಕೂಡಲೇ ಮತ್ತೆ ನುಚ್ಚು.

“ಹಿಡಕೊಂಡ್ರ ಅಷ್ಟ ಬರ್ತೈತೇನ? ಹಂಗಾರ ನಾ ಹಿಡಕೊಂಡ ನಿಂದರ್ತೀನಿ. ನೀ ನೋಡು.”

ಮಗಳ ಮುಖ ಮರಳಿ ಬಂತು. ಜೊತೆಗೇ ಅಡ್ಡಲಾಗಿ ಎರಡು ಚುಕ್ಕಿಪಟ್ಟಿ. ಗಾಳಿ ಬೀಸಿದಂತೆ ಅವು ದಪ್ಪವಾಗತೊಡಗಿದವು. ಪೈಪು ತಂತಿಯ ಹತ್ತಿರ ಸರಿಯುತ್ತಿತ್ತು. ಬಂದದ್ದನ್ನು ಗೆರೆ ಎಳೆದು ತೋರಿಸುವುದಷ್ಟೇ ನನ್ನ ಕೈಲಾಗುವುದು, ಕೂಗಲು ಬಾಯಿಲ್ಲ.

“ರೀ, ಆ ಕಡೆ ತಂತಿ ಐತಿ. ಬಿಟ್ಟು ಇಳೀರಿ.”

“ದೂರ ಐತಿ ತಗೊ. ಸುಮ್ಮನ ನೋಡು.”

ಗೌರವ್ವ ಪಟ್ಟಿಗಳನ್ನು ನೋಡಿದಳು. ಅವುಗಳ ನಡುವೆ ಬಾಯ್ದೆರೆದು ಹಾಡುತ್ತಿದ್ದ ಮಗಳನ್ನು ನೋಡಿದಳು. ಬಂದು ನನ್ನ ಗುಂಡಿ ತಿರುಗಿಸಿಬಿಟ್ಟಳು. ಶಕುಂತಲಾ ಕುಗ್ಗಿ ಕುಗ್ಗಿ ನಡುವಿನಲ್ಲೊಂದು ಬಿಳಿ ಚುಕ್ಕೆಯಾಗಿ ಆರಿಹೋದಳು.

“ಕರೆಂಟ್ ಹೋತ್ರಿ. ಇಳೀರಿ.”

ಓಣಿಯ ತುಂಬ ವಿದ್ಯುತ್ ಮಗ್ಗಗಳು ಖಟಖಟ ನಡೆದೇ ಇದ್ದವು. ಸುಳ್ಳು ಅವನಿಗೆ ಆ ಕ್ಷಣವೇ ತಿಳಿಯಿತು. ಪೈಪು ಬಿಟ್ಟು, ಸಿಟ್ಟಿನಿಂದ ದಡದಡ ಇಳಿದು, ಒದ್ದೆ ಕಾಲಲ್ಲೇ ಒಳಗೆ ಬಂದ. ಗೌರವ್ವನ ಕೈ ಇನ್ನೂ ನನ್ನ ಗುಂಡಿಯ ಮೇಲೇ ಇತ್ತು.

“ನೀನ ಆರಿಸಿದೇನ? ಮಗಳು ಹಾಡೂಮುಂದ?”

ಅವಳು ಗುಂಡಿ ಬಿಟ್ಟು ಅವನತ್ತ ತಿರುಗುವಷ್ಟರಲ್ಲಿ ಮಾಳಿಗೆಯ ಮೇಲೆ ದೊಡ್ಡ ಸದ್ದಾಯಿತು. ಹಿಡಿಯುವವರಿಲ್ಲದ ಪೈಪು ಗಾಳಿಗೆ ತಂತಿಯ ಮೇಲೆ ಬಿದ್ದಿತ್ತು. ಕಿಟಕಿಯಲ್ಲಿ ನೀಲಿ ಬೆಳಕು ಹೊಡೆಯಿತು. ಆಂಟೆನಾ ವಯರಿನಲ್ಲಿ ನುಗ್ಗಿದ ಉರಿಗೆ ನನ್ನ ಒಡಲು ಸುಟ್ಟಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು.

ಚನಮಲ್ಲಪ್ಪ ಹೊಸ್ತಿಲ ಮೇಲೆ ಕುಳಿತ. ಪೈಪು ಹಿಡಿದಿದ್ದ ತನ್ನ ಅಂಗೈಗಳನ್ನೇ ನೋಡಿಕೊಂಡ. ಗೌರವ್ವ ಪಕ್ಕದಲ್ಲಿ ಕೂತು ಅತ್ತಳು.

ರಜೆಗೆ ಬಂದ ಶಕುಂತಲಾ ಕೇಳಿದ್ದು ಒಂದೇ: “ಅಪ್ಪಾ, ನೋಡಿದೇನ?”

“ನಿಮ್ಮವ್ವ ಸ್ವಲ್ಪ ನೋಡ್ಯಾಳ. ನಾ ನೋಡಲಿಲ್ಲವ್ವಾ,” ಅಂದ ಅವನು. “ಈಗ ಹಾಡು.”

ಅವಳು ನನ್ನ ಮುಂದೆಯೇ ನಿಂತು ಹಾಡನ್ನು ಪೂರ್ತಿ ಹಾಡಿದಳು.

ಆಮೇಲೆ ಆ ಮನೆಗೆ ಬಣ್ಣದ ಟಿವಿ ಬಂತು. ಗುಜರಿಯವನು ಎರಡು ಸಲ ಕೇಳಿದರೂ ಚನಮಲ್ಲಪ್ಪ ನನ್ನನ್ನು ಕೊಡಲಿಲ್ಲ. ಮಗ್ಗದ ಕೋಣೆಯ ಮೂಲೆಯಲ್ಲಿದ್ದೇನೆ. ನನ್ನ ಗಾಜಿನ ಮೇಲೆ ಯಾವ ಗೆರೆಯೂ ಉಳಿಯುತ್ತಿರಲಿಲ್ಲ, ಎಳೆದ ಮರುಕ್ಷಣವೇ ಅಳಿಯುತ್ತಿತ್ತು. ಆ ಸಂಜೆಯ ಗುರುತು ಉಳಿದಿರುವುದು ಅವನ ಕೈಯಲ್ಲಿ. ಅಂದು ನೆತ್ತಿಗೆ ಹೊಡೆಯುತ್ತಿದ್ದವನು ಇಂದು ನನ್ನ ಮೇಲೆ ನೂಲು ಸುತ್ತಿದ ಕಂಡಿಕೆ ಇಡುವಾಗಲೂ ಸದ್ದಾಗದಂತೆ ಇಡುತ್ತಾನೆ.